ನೂರಾ ಎರಡು ಕಿಲೋ ಬೆಲ್ಲ

‘ನೀಲಿ ಎಂಬ ಎರಡಕ್ಷರ ಈಚೆಗೆ ನನ್ನ ಕೈಯಲ್ಲಿ ಬಹಳ ಚೆಂದ ಮೂಡುತ್ತಿವೆ. ಯಾರಿಗಾದರೂ ಹೇಳಿಕೊಳ್ಳುವಂಥ ಚಿಂತೆಯಲ್ಲ. ಆದರೂ ಇವತ್ತು ಮುಂಜಾನೆ ಡಾಕ್ಟರ ವಹಿ ತೆರೆದಾಗ ಅಂಜಿಕೆ ಬಂತು. ಖರೇ ನೀಲಿ ಬಂದಿದ್ದ ದಿನಗಳಲ್ಲಿ ಖುಷಿಗೆ, ಅವಸರಕ್ಕೆ, ಅಕ್ಷರ ಸೊಟ್ಟಾಗಿವೆ, ಮಸಿ ಹರಡಿದೆ. ಚೈತ್ರದಿಂದೀಚೆಗಿನ ನೀಲಿಗಳು ಮಾತ್ರ ಕಾಪಿ ಪುಸ್ತಕದಲ್ಲಿ ಇದ್ದಂತೆ ಸಾಲಾಗಿ ಕೂತಿವೆ. ಮನಸ್ಸಿಟ್ಟು ನೋಡಿದವರಿಗೆ ಯಾವುದು ಸುಳ್ಳೆಂದು ತಿಳಿದೀತು.’

೧೯೬೪ರ ಮೇ ತಿಂಗಳಲ್ಲಿ ನನ್ನ ದಿನಚರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ. ಆಗ ನನ್ನ ಹತ್ತಿರ ಎರಡು ವಹಿ ಇದ್ದವು. ಒಂದು ಡಾಕ್ಟರಿಗೆ ತೋರಿಸುವುದು. ಅದರಲ್ಲಿ ತಾರೀಖು ಮತ್ತು ಬಣ್ಣ, ಅಷ್ಟೇ. ಇನ್ನೊಂದು ಈ ದಿನಚರಿ. ಎರಡರಲ್ಲೂ ಒಂದೇ ಬಣ್ಣ ಬರೆದ ದಿನಗಳು ಎಂದೋ ಮುಗಿದಿದ್ದವು.

ಆ ಬಣ್ಣ ನನ್ನಪ್ಪನ ಮೂತ್ರದ್ದು.

ಅಪ್ಪ ಖಂಡಪ್ಪ ಬಬಲೇಶ್ವರದವನು. ಹುಡುಗನಿದ್ದಾಗ ಕುರಿ ಹಿಂದೆ ಕೃಷ್ಣಾ ದಂಡೆಯವರೆಗೂ ನಡೆದವನು. ಆಮೇಲೆ ವಿಜಾಪುರಕ್ಕೆ ಬಂದು ಜೋರಾಪುರ ಪೇಟೆಯಲ್ಲಿ ಕಂಬಳಿ ಅಂಗಡಿ ಇಟ್ಟ. ಗಾದಿಯ ಮೇಲೆ ಕೂತ ಮೂವತ್ತು ವರ್ಷಗಳಲ್ಲಿ ಆ ಕಾಲುಗಳು ನಡೆಯುವುದನ್ನು ಮರೆತವು. ಹೊಟ್ಟೆ ಬೆಳೆಯಿತು. ಪೇಟೆಯವರು ಅದನ್ನು ನೋಡಿಯೇ ಅವನನ್ನು ‘ಮಾಲಕ್ರ’ ಎನ್ನತೊಡಗಿದ್ದು. ಹಿಂದಿನ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಗಿರಾಕಿಗೆ ಕಂಬಳಿ ಬಿಚ್ಚಿ ತೋರಿಸುತ್ತ ಅಪ್ಪ ಹಾಗೇ ಕಂಬಳಿಯ ಮೇಲೆ ಬಿದ್ದ. ಮೂಗಿನಿಂದ ರಕ್ತ ಬಂದಿತ್ತು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದರು. ಗಾಜಿನ ಕೊಳವೆಯ ಪಾರಜ, ಎಂದರೆ ಪಾದರಸ, ಇನ್ನೂರಾ ಹತ್ತಕ್ಕೆ ಹೋಗಿ ನಡುಗಿತು. ಮೂತ್ರ ಕಾಸಿ ನೋಡಿದರು. ಸುಟ್ಟ ಇಟ್ಟಂಗಿಯ ಬಣ್ಣ.

“ಸಕ್ಕರಿನೂ ಐತಿ, ರಕ್ತದ ಒತ್ತಡಾನೂ ಐತಿ,” ಎಂದರು. “ಗುಳಿಗಿ ಕೊಡ್ತೀನಿ. ಆದ್ರ ಎರಡಕ್ಕೂ ಈ ಹೊಟ್ಟಿ ಇಳೀಬೇಕು.”

“ಈ ಹೊಟ್ಟಿ ಗಳಸಾಕ ಮೂವತ್ತು ವರ್ಷ ಹಿಡದೈತ್ರಿ ಡಾಕ್ಟರ,” ಎಂದ ಅಪ್ಪ.

“ಕಳಿಯಾಕ ಒಂದ ವರ್ಷ ಸಾಕು.”

ತೂಕ ಮಾಡಿಸಿ ಬರೆದು ತರಲು ಹೇಳಿದರು. ಮನುಷ್ಯರನ್ನು ತೂಗುವ ಸಾಧನ ನಮ್ಮ ಪೇಟೆಯಲ್ಲಿ ಎಲ್ಲಿತ್ತು? ಉಣ್ಣೆಯ ಗಂಟು ತೂಗುವ ಲಾಡಲೇಸಾಬ ತನ್ನ ದೊಡ್ಡ ತಕ್ಕಡಿಯ ಒಂದು ತಾಟಿನಲ್ಲಿ ಅಪ್ಪನನ್ನು ಕೂರಿಸಿ, ಇನ್ನೊಂದರಲ್ಲಿ ಹೊಸ ಕಿಲೋ ಕಲ್ಲುಗಳನ್ನು ಪೇರಿಸಿದ.

“ಒಂದು ಚೀಲ ಜ್ವಾಳ, ಮ್ಯಾಲ ಎರಡು ಕಿಲೋ ಕೊಸರು,” ಎಂದು ಕೂಗಿದ. ಸುತ್ತ ನಿಂತವರೆಲ್ಲ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನೂರಾ ಎರಡು.

ಆ ಸಂಖ್ಯೆ ಬಬಲೇಶ್ವರ ಮುಟ್ಟಿತು. ಅಲ್ಲಿ ಆಯಿ, ಅಪ್ಪನ ತಾಯಿ ದುಂಡವ್ವ, ಊರ ಹೊರಗಿನ ಸಿದ್ಧನ ಗುಡಿಗೆ ಹೋಗಿ ಸೆರಗಿನ ತುದಿಗೆ ಅರಿಷಿಣ ಬೇರು ಗಂಟು ಹಾಕಿಕೊಂಡು ಬೇಡಿಕೊಂಡಳು: ಮಗನ ಬೇನೆ ಹೋಗಲಿ, ಮಗನ ತೂಕದಷ್ಟು ಬೆಲ್ಲ ತೂಗಿ ಕೊಡುತ್ತೇನೆ. ಸಕ್ಕರೆ ಬೇನೆಗೆ ಬೆಲ್ಲದ ಹರಕೆ. ಕೇಳಿದಾಗ ನನಗೆ ನಗು ಬಂದಿತ್ತು. ನಾನು ಬಿ.ಎ. ಮುಗಿಸಿದವಳು, ನಗುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆ, ಅದೂ ಒಳಗೊಳಗೆ.

ಮನೆಯಲ್ಲಿ ಇಂಗ್ಲಿಷ್ ಚೀಟಿ ಓದುವವಳು ನಾನೊಬ್ಬಳೇ. ಹೀಗಾಗಿ ಬೇನೆಯ ಕಾರಭಾರ ನನ್ನ ಕೈಗೆ ಬಂತು. ಮುಂಜಾನೆ ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ಔಷಧದಂಗಡಿಯ ನೀಲಿ ನೀರು ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಕಾಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿ ಆದರೆ ಇನ್ನೂ ಹೆಚ್ಚು, ಕಿತ್ತಳೆ ಆದರೆ ಅಂಜಬೇಕು, ಇಟ್ಟಂಗಿ ಆದರೆ ಡಾಕ್ಟರ ಹತ್ತಿರ ಓಡಬೇಕು.

“ಮಲಕವ್ವ ಅಷ್ಟೊಂದು ಸಾಲಿ ಕಲಿತದ್ದು ಅಪ್ಪನ ಉಚ್ಚಿ ಕಾಸಾಕ ಉಪಯೋಗಾತು ನೋಡ್ರಿ,” ಎಂದು ಪಕ್ಕದ ಮನೆಯ ಸೋನಾಬಾಯಿ ಗೋಡೆಯಾಚೆಯಿಂದ ಅಂದದ್ದು ನನಗೆ ಕೇಳಲಿ ಎಂದೇ. ನಾನು ದೀಪ ಆರಿಸಿ ಒಳಗೆ ಹೋದೆ. ಉತ್ತರ ಹೊಳೆದದ್ದು ದಿನಚರಿ ಬರೆಯುವಾಗ.

ಊಟದ್ದು ಬೇರೆಯೇ ಕಥೆ. ಆರು ರೊಟ್ಟಿ ಉಣ್ಣುತ್ತಿದ್ದವನಿಗೆ ಹೊತ್ತಿಗೆ ಎರಡು ಎಂದರು ಡಾಕ್ಟರು. ಉಪ್ಪಿನಕಾಯಿ, ಹಪ್ಪಳ, ಚಹಾದ ಸಕ್ಕರೆ, ಎಲ್ಲಾ ಬಂದ್. ಮೊದಲ ದಿನವೇ ಅವ್ವ ತಾಯವ್ವ ತಟ್ಟಿದ ರೊಟ್ಟಿ ಹಂಚು ಮೀರಿ ಹೊರಗೆ ಬಂದಿತ್ತು.

“ಎರಡ ಅಂದಾರ ಹೊರತು, ಎಷ್ಟ ದೊಡ್ಡವು ಅಂತ ಅಂದಿಲ್ಲಲ್ಲ,” ಎಂದಳು ಅವ್ವ.

ನಾನು ಒಂದು ಡಬ್ಬಿಯ ಮುಚ್ಚಳ ತಂದು ಹಿಟ್ಟಿನ ಮೇಲೆ ಒತ್ತಿ ಅಳತೆ ತೋರಿಸಿದೆ. ಅಪ್ಪ ಆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. “ಇದು ರೊಟ್ಟಿ ಏನ ಬೇ, ನಾಕಾಣೆ ಬಿಲ್ಲೆ ಏನ?”

ನಡಿಗೆ ಅದಕ್ಕಿಂತ ಕಠಿಣವಾಯಿತು. ಪೇಟೆಯಿಂದ ಇಬ್ರಾಹಿಂಪುರದ ರೈಲ್ವೆ ಗೇಟಿನವರೆಗೆ ಹೋಗಿ ಬರಬೇಕು. ಕಾರಣವಿಲ್ಲದೆ ನಡೆಯುವುದು ಅಪ್ಪನಿಗೆ ಮಾನಗೇಡು. “ಎಲ್ಲಿಗೆ ಹೊಂಟೀರಿ ಮಾಲಕ್ರ?” ಎಂದು ಕೇಳಿದವರಿಗೆ ಏನೆನ್ನುವುದು? ಅದಕ್ಕೆ ಹೆಗಲ ಮೇಲೆ ಒಂದು ಹೊಸ ಕಂಬಳಿ ಹಾಕಿಕೊಂಡು, ಗಿರಾಕಿಗೆ ಮುಟ್ಟಿಸಿ ಬರುವವನಂತೆ ಹೋಗುತ್ತಿದ್ದ. ನಾನು ಹತ್ತು ಹೆಜ್ಜೆ ಹಿಂದೆ. ಅದೇ ಕಂಬಳಿ ಆರು ತಿಂಗಳು ದಿನಾ ಗೇಟಿನವರೆಗೆ ಹೋಗಿ ಮನೆಗೆ ಬಂತು. ಗೇಟಿನ ಕಾವಲುಗಾರ ಒಮ್ಮೆ ಕೇಳಿಯೇ ಬಿಟ್ಟ, “ಮಾಲಕ್ರ, ಆ ಕಂಬಳಿ ಯಾರೂ ತಗೋಳ್ಳಾಕತ್ತಿಲ್ಲೇನ್ರಿ?”

ಇಷ್ಟಾದರೂ ಫಲ ಸಿಕ್ಕಿತು. ದೀಪಾವಳಿಗೆ ಹಸಿರು. ಸಂಕ್ರಮಣಕ್ಕೆ ನೀಲಿ. ಮೊದಲ ಸಲ ನಳಿಗೆಯಲ್ಲಿ ನೀಲಿ ಕುದಿದು ನೀಲಿಯಾಗಿಯೇ ಉಳಿದಾಗ ನಾನು ಅದನ್ನು ಹಿಡಿದುಕೊಂಡು ಅಂಗಳಕ್ಕೆ ಓಡಿದ್ದೆ. ಫೆಬ್ರುವರಿಯಲ್ಲಿ ತೂಕ ಎಂಬತ್ತೊಂದು. ಪಾರಜ ನೂರಾ ನಲವತ್ತೆಂಟಕ್ಕೆ ನಿಂತಿತು. ಡಾಕ್ಟರು ಎರಡು ಸಲ ಪಟ್ಟಿ ಕಟ್ಟಿ ನೋಡಿದರು.

“ಬ್ಯಾನಿ ಹೋತಲ್ರಿ?” ಎಂದ ಅಪ್ಪ.

“ಹೋಗಿಲ್ಲ. ಹಟ್ಟಿ ಬಾಗಲಾ ಹಾಕೀರಿ, ತ್ವಾಳ ಹೊರಗ ಕುಂತೈತಿ. ಬಾಗಲಾ ತಗದ್ರ ಒಳಗ ಬರ್ತೈತಿ. ಕುರಿ ಕಾದವರಿಗೆ ನಾ ಏನ ಹೇಳೂದು?”

ಅಪ್ಪ ತಲೆಯಾಡಿಸಿದ. ಹೊರಗೆ ಬಂದವನೇ ಲಾಡಲೇಸಾಬನಿಗೆ, “ಬ್ಯಾನಿ ಹೋತೋ,” ಎಂದ.

ಅದೇ ವಾರ ಟಿಕೋಟಾದ ಹೆಣ್ಣುಮಕ್ಕಳ ಸಾಲಿಯಿಂದ ನನಗೆ ಕಾಗದ ಬಂತು. ಜೂನ್ ಹದಿನೈದಕ್ಕೆ ಹಾಜರಾಗಬೇಕು. ಅರ್ಜಿ ಹಾಕಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಕಾಗದವನ್ನು ಅಪ್ಪನ ಕೈಗೆ ಕೊಡುವುದಾಗದೆ ಅವನ ಗುಳಿಗೆ ಶೀಸೆಯ ಕೆಳಗೆ ಇಟ್ಟೆ. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

“ಒಬ್ಬಾಕಿನ ಇರ್ತಿ?”

“ಅಲ್ಲೊಬ್ಬ ಮಾಸ್ತರಬಾಯಾರ ಜೋಡಿ ಖೋಲಿ ಐತಿ.”

“ನನ್ನ ಈ ನಳಿಗಿ ಯಾರು ಕಾಸಬೇಕು?”

ನಾನು ಶೀಸೆಯನ್ನು ಅದರ ಜಾಗಕ್ಕೆ ಸರಿಸಿಟ್ಟೆ. ಆಮೇಲೆ ಅವನೇ ಹೇಳಿದ, “ನೀಲಿನ ಬರಾಕತ್ತೇತಲ್ಲ. ಹಿಂಗ ಹರಕಿ ಮುಟ್ಟೂತನಾ ನಡೀಲಿ. ಹರಕಿ ಮುಟ್ಟಿದ ಮರುದಿನ ನಾನ ನಿನ್ನ ಟಿಕೋಟಾಕ ಬಿಟ್ಟು ಬರ್ತೇನಿ. ಬ್ಯಾನಿ ಹೊಳ್ಳಿ ಬಂತಂದ್ರ ಮಾತ್ರ ನೀ ಎಲ್ಲಿಗೂ ಹೋಗೂಹಂಗಿಲ್ಲ.”

ಅಂದು ದಿನಚರಿಯಲ್ಲಿ ಒಂದು ಪುಟ ತುಂಬ ಟಿಕೋಟಾ ಟಿಕೋಟಾ ಎಂದು ಬರೆದಿದ್ದೇನೆ. ಇಪ್ಪತ್ತೆರಡು ವರ್ಷದವಳು ಬರೆಯುವಂಥದ್ದಲ್ಲ.

ಹರಕೆಯ ದಿನ ಗೊತ್ತು ಮಾಡಲು ಆಯಿ ಬಸ್ಸು ಹತ್ತಿ ಬಂದಳು. ಬಾಗಿಲಲ್ಲಿ ನಿಂತು ಮಗನನ್ನು ನೋಡಿದಳು. ಗಲ್ಲ ಇಳಿದು, ಅಂಗಿ ಜೋತು, ಕೊರಳ ಎಲುಬು ಕಾಣುತ್ತಿದ್ದ ಮಗ. ಸತ್ತವರ ಮುಂದೆ ಅಳುವಂತೆ ಎದೆ ಬಡಿದುಕೊಂಡು ಅತ್ತಳು. ಸೋನಾಬಾಯಿ ಗೋಡೆಯ ಮೇಲೆ ತಲೆ ಎತ್ತಿದಳು.

“ನೂರಾ ಎರಡು ಕಿಲೋ ಇದ್ದ ಮಗನ ಸಲುವಾಗಿ ಬೇಡಕೊಂಡೀನಿ ನಾ,” ಎಂದಳು ಆಯಿ. “ಈಗ ಎಂಬತ್ತೊಂದು ಕಿಲೋದಾಂವನ್ನ ಒಯ್ದು ತೂಗಿದ್ರ, ಮುದುಕಿ ಲಾಭಾ ಮಾಡ್ಕೊಂಡ್ಳು ಅನ್ನೂದಿಲ್ಲೇನ ಸಿದ್ಧ?”

“ಉಳಿದ ಇಪ್ಪತ್ತೊಂದು ಕಿಲೋ ಬ್ಯಾರೆ ಕೊಟ್ರಾತು ಆಯಿ,” ಎಂದೆ ನಾನು, ಮೆಲ್ಲಗೆ.

“ಬ್ಯಾರೆ ಕೊಟ್ಟದ್ದು ದಾನ. ಹರಕಿ ಅಂದ್ರ ತಕ್ಕಡಿ ಸಮಾ ನಿಲ್ಲಬೇಕು.”

ಅಪ್ಪನ ಮಡಿಲಲ್ಲಿ ನಾಲ್ಕು ಕಲ್ಲು ಇಟ್ಟು ತೂಗಿದರೆ ಹೇಗೆ ಎಂದಳು ಅವ್ವ. ಆಯಿ ಅವಳನ್ನು ನೋಡಿದ ನೋಟಕ್ಕೆ ಅವ್ವ ಒಲೆ ಮುಂದೆ ಹೋಗಿ ಕೂತಳು. “ಕಲ್ಲ ಕಟ್ಟಿ ತೂಗೂದು ನಿಮ್ಮ ಪ್ಯಾಟಿ ಧಂದೆ. ದ್ಯಾವರ ಮುಂದ ನಡಿಯೂದಿಲ್ಲ. ಬ್ಯಾನಿ ಹೋಗೇತಿ ಅಂತೀರಿ. ಹೋಗಿದ್ರ ಉಣ್ಣಾಕ ಏನ ಧಾಡಿ? ಮೂರು ತಿಂಗಳ ಉಣಸರಿ. ನನ್ನ ಮಗಾ ನನಗ ಹೊಳ್ಳಿ ಬರಲಿ.”

ಹರಕೆ ಜೂನ್ ಎಂಟಕ್ಕೆ ಎಂದು ಗೊತ್ತಾಯಿತು. ಹಾಗೆ ಅಪ್ಪನನ್ನು ದೇವರ ಲೆಕ್ಕಕ್ಕೆ ಸರಿಯಾಗುವಂತೆ ದಪ್ಪ ಮಾಡುವ ಕೆಲಸ ಶುರುವಾಯಿತು. ಮುಚ್ಚಳದ ಅಳತೆ ಹೋಯಿತು. ಮಾದಲಿ, ತುಪ್ಪ, ಹೂರಣದ ಹೋಳಿಗೆ. ಕೆನೆ ಮೊಸರು. ಯಾರೂ ಅಪ್ಪನಿಗೆ ಒತ್ತಾಯ ಮಾಡಬೇಕಾಗಲಿಲ್ಲ. ಅವನು ಉಣ್ಣುವುದನ್ನು ನೋಡಿದರೆ, ಇಷ್ಟು ದಿನ ಯಾರೋ ಅವನನ್ನು ಸೆರೆಯಲ್ಲಿಟ್ಟಿದ್ದರು ಅನ್ನಿಸಬೇಕು. ಸೆರೆಯಲ್ಲಿಟ್ಟವಳು ನಾನೇ. ಇಬ್ರಾಹಿಂಪುರದ ನಡಿಗೆ ನಿಂತಿತು. ಆ ಕಂಬಳಿ ಮಾರಾಟವಾಯಿತು. ಲಾಡಲೇಸಾಬ ತೂಗಿದಾಗ ಎಂಬತ್ತಾರು, ಎಂಬತ್ತೊಂಬತ್ತು. ತೂಕ ಏರಿದ ಸುದ್ದಿಗೆ ಮನೆಯಲ್ಲಿ ಪೇಢೆ ಹಂಚುತ್ತಿದ್ದರು. ಅಪ್ಪನಿಗೂ ಒಂದು.

ಎರಡು ಸಲ ಬಾಯಿ ತೆರೆದೆ. ಮೊದಲ ಸಲ ಅಪ್ಪ, “ಸಾಕ್ ಮಾಡ ಮಲಕೀ, ಡಾಕ್ಟರಕಿಂತ ನೀನ ದೊಡ್ಡಾಕಿ ಆಗಬ್ಯಾಡ,” ಎಂದ. ಎರಡನೇ ಸಲ ಅವ್ವ, “ಉಣ್ಣೂವಾಗ ಅಪಶಕುನ ನುಡೀತಾರೇನ ಬೇ?” ಎಂದಳು. ನನಗೆ ಅಷ್ಟೇ ಸಾಕಾಗುತ್ತದೆ. ಮೂರನೇ ಸಲ ಯಾರೂ ಏನೂ ಅನ್ನಬೇಕಾಗಲಿಲ್ಲ, ನಾನೇ ಸುಮ್ಮನಿದ್ದೆ.

ಯುಗಾದಿ ಮುಗಿದ ನಾಲ್ಕನೇ ದಿನ ನಳಿಗೆ ಹಸಿರಾಯಿತು. ವಾರದಲ್ಲಿ ಹಳದಿ.

ಅಂದು ವಹಿ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಹಳದಿ ಎಂದು ಬರೆದರೆ ಹರಕೆ ಮುಂದಕ್ಕೆ ಹೋಗುತ್ತದೆ. ಹರಕೆ ಮುಂದಕ್ಕೆ ಹೋದರೆ ಜೂನ್ ಹದಿನೈದು ಹೋಗುತ್ತದೆ. ಮುಂದಿನ ವರ್ಷ ಆ ಕಾಗದ ಮತ್ತೆ ಬರುವುದಿಲ್ಲ. ಈ ಕಟ್ಟೆ, ಈ ದೀಪ, ಈ ವಾಸನೆ, ಗೋಡೆಯಾಚೆ ಸೋನಾಬಾಯಿ. ಅಪ್ಪ ಇರುವಷ್ಟು ದಿನ. ಅಪ್ಪ ಇರುವಷ್ಟು ದಿನ ಎಂಬ ಮಾತು ಮನಸ್ಸಿನಲ್ಲಿ ಬಂದಾಗ ಅದರ ಇನ್ನೊಂದು ಅರ್ಥವೂ ಬಂತು. ಅದನ್ನು ದಿನಚರಿಯಲ್ಲೂ ಬರೆದಿಲ್ಲ. ನೀಲಿ ಎಂದು ಬರೆದೆ.

“ಏನ ಬಣ್ಣ?” ಎಂದು ಅಪ್ಪ ಪಡಸಾಲೆಯಿಂದಲೇ ಕೇಳಿದ.

“ನೀಲಿ.”

“ಛಲೋ ಆತು.”

ಹಿಂದೆಲ್ಲ ನಳಿಗೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡುತ್ತಿದ್ದವನು, ಯುಗಾದಿಯ ನಂತರ ಒಂದು ದಿನವೂ ಬಂದು ನೋಡಲಿಲ್ಲ. ಕತ್ತಲೆ ಅಂಗಡಿಯಲ್ಲಿ ಕೈಯಾಡಿಸಿಯೇ ಕರಿ ಉಣ್ಣೆಗೂ ಕಂದು ಉಣ್ಣೆಗೂ ವ್ಯತ್ಯಾಸ ಹೇಳುವ ಮನುಷ್ಯ. ಕಟ್ಟೆಯ ಕಡೆ ಬೆನ್ನು ಮಾಡಿ ಕೂತು ಬಣ್ಣ ಕೇಳುತ್ತಿದ್ದ, ನಾನು ಬೆನ್ನಿಗೆ ಉತ್ತರ ಹೇಳುತ್ತಿದ್ದೆ. ಇಬ್ಬರಿಗೂ ಅದು ಅನುಕೂಲವಾಗಿತ್ತು.

ಮೇ ತಿಂಗಳ ತಪಾಸಣೆಗೆ ಅವನು ಹೋಗಲಿಲ್ಲ. “ವಹಿ ತೋರಿಸಿ ಬಾ,” ಎಂದು ನನ್ನನ್ನು ಕಳಿಸಿದ. ಡಾಕ್ಟರು ಹಾಳೆ ತಿರುವಿದರು. ಒಂದು ಕಡೆ ಅವರ ಬೆರಳು ನಿಂತಿತು. ಅಕ್ಷರ ನೋಡುತ್ತಿದ್ದಾರೆ ಎಂದುಕೊಂಡೆ.

“ನಾಕು ತಿಂಗಳ ನೀಲಿ. ನಿಮ್ಮಪ್ಪ ಶಾಣ್ಯಾ ಆಗ್ಯಾನ. ಮುಂದಿನ ಸರ್ತಿ ಅವನ್ನ ಕರಕೊಂಡ ಬಾ, ಒತ್ತಡ ನೋಡಬೇಕು. ಅಲ್ಲೀತನಾ ಸಕ್ಕರಿ ಗುಳಿಗಿ ಅರ್ಧ ಮಾಡು.”

ಆಗ ಹೇಳಬಹುದಿತ್ತು. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಬೈಯುವ ಮನುಷ್ಯರೂ ಅಲ್ಲ. “ಹೂಂ” ಎಂದು ಹೊರಗೆ ಬಂದೆ. ಮನೆಯಲ್ಲಿ ಮಾತ್ರ ಅರ್ಧದ ಮಾತು ಹೇಳದೆ ಇಡೀ ಗುಳಿಗೆಯನ್ನೇ ಕೊಡುತ್ತ ಹೋದೆ. ಅದೊಂದನ್ನು ನನ್ನ ಪುಣ್ಯವೆಂದು ಬಹಳ ದಿನ ನಂಬಿಕೊಂಡಿದ್ದೆ.

ಮೇ ಕೊನೆಗೆ ಬಚ್ಚಲ ಮೋರಿಗೆ ಇರುವೆ ಸಾಲು ಹತ್ತಿತು. ಅವ್ವ ಅರಿಷಿಣ ಚೆಲ್ಲಿದಳು, ಹೋಗಲಿಲ್ಲ. ಅಪ್ಪ ತಂಬಿಗೆ ತಂಬಿಗೆ ನೀರು ಕುಡಿಯತೊಡಗಿದ. ಬಿಸಿಲು ಎಂದರು ಎಲ್ಲರೂ. ಹೊಸ ಕೆರವು ಕಚ್ಚಿದ ಬೆರಳಿನ ಗಾಯ ಹದಿನೈದು ದಿನವಾದರೂ ಮಾಯಲಿಲ್ಲ. ಜೂನ್ ಐದಕ್ಕೆ ನಳಿಗೆಯಲ್ಲಿ ಕಿತ್ತಳೆ, ಏಳಕ್ಕೆ ಇಟ್ಟಂಗಿ. ಹಿಂದಿನ ಶ್ರಾವಣದಲ್ಲಿ ಡಾಕ್ಟರು ಕಾಸಿದಾಗ ಬಂದ ಬಣ್ಣವೇ, ತಪ್ಪಿಲ್ಲದೆ ಅದೇ. ನನ್ನ ಟ್ರಂಕು ತುಂಬಿ ಸಿದ್ಧವಾಗಿತ್ತು.

ಜೂನ್ ಎಂಟು, ಸೋಮವಾರ. ಬಬಲೇಶ್ವರದ ಹೊರಗೆ ಸಿದ್ಧನ ಗುಡಿಯ ಮುಂದಿನ ಬೇವಿನ ಮರಕ್ಕೆ ಲಾಡಲೇಸಾಬ ತನ್ನ ತಕ್ಕಡಿ ಕಟ್ಟಿದ. ವಿಜಾಪುರದಿಂದ ಬಸ್ಸಿನ ನೆತ್ತಿಯ ಮೇಲೆ ಹೊತ್ತು ತಂದಿದ್ದ. ನಮ್ಮ ಬಳಗದವರು ನಲವತ್ತು ಐವತ್ತು ಜನ ನೆರಳಲ್ಲಿ ಕೂತಿದ್ದರು. ಚಾಪೆಯ ಮೇಲೆ ಬೆಲ್ಲದ ಪೆಂಟೆಗಳು, ನೂರಾ ಎರಡು ಕಿಲೋ, ಆಯಿ ಒಂದನ್ನೂ ಕಡಿಮೆ ತರಿಸಿರಲಿಲ್ಲ. ಅಪ್ಪ ಹೊಸ ಧೋತರ, ಜರಿಯ ಪಟಗಾ. ಮುಖ ದುಂಡಗಾಗಿತ್ತು, ಕೆಂಪಾಗಿತ್ತು. “ಖಂಡಪ್ಪ ಮೊದಲಿನಂಗ ಆದ ನೋಡ್ರಿ,” ಎಂದು ಹೆಂಗಸರು ಆಯಿಗೆ ಹೇಳುತ್ತಿದ್ದರು. ಆ ಕೆಂಪು ಏನೆಂದು ನನಗೆ ಗೊತ್ತಿತ್ತು. ಪಾರಜ ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ.

ಅಪ್ಪ ತಾಟಿನಲ್ಲಿ ಕೂತ. ಕೂರುವಾಗ ತಲೆ ತಿರುಗಿ ಸರಪಳಿ ಹಿಡಿದುಕೊಂಡ. ಯಾರೂ ಗಮನಿಸಲಿಲ್ಲ, ಲಾಡಲೇಸಾಬನ ಹೊರತು.

“ಮಾಲಕ್ರ, ನೀರ ಕುಡೀತೀರೇನ್ರಿ?”

“ಈಗ ಕುಡದೇನಿ. ಹಾಕು ನೀ ಬೆಲ್ಲಾ.” ನನ್ನ ಕಡೆ ನೋಡಿ ನಕ್ಕ. “ನಾಳಿ ಟಿಕೋಟಾ ಬಸ್ಸು ಎಷ್ಟ ಗಂಟೆಕ್ಕ ಮಲಕೀ?”

ಒಂದೊಂದೇ ಪೆಂಟೆ ಏರಿತು. ನೊಣ ಬೆಲ್ಲಕ್ಕೂ ಮುತ್ತಿದವು, ಅಪ್ಪನ ಬೆರಳಿಗೂ ಮುತ್ತಿದವು. ತೊಂಬತ್ನಾಲ್ಕಕ್ಕೆ ತಕ್ಕಡಿ ಅಲುಗಾಡಿ ಸಮ ನಿಂತಿತು. ಎಂಟು ಕಿಲೋ ಬೆಲ್ಲ ಚಾಪೆಯ ಮೇಲೆ ಉಳಿಯಿತು. ಆಯಿ ಆ ಉಳಿದ ಬೆಲ್ಲವನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, “ಇರಲಿ, ಸಿದ್ಧ ಸಣ್ಣವನಲ್ಲ,” ಎಂದಳು.

ಆ ಗುಡಿಯಲ್ಲಿ ಒಂದು ಪದ್ಧತಿ ಉಂಟು. ತಕ್ಕಡಿ ಸಮ ನಿಂತಾಗ ಪೂಜಾರಿ ಕೇಳುತ್ತಾನೆ, ಬೇನೆ ಹೋಗಿದೆಯೇ ಎಂದು. ಬೇನೆ ಬಿದ್ದವನು ಉತ್ತರ ಕೊಡುವಂತಿಲ್ಲ. ಅವನ ಆರೈಕೆ ಮಾಡಿದವರು ಎಲ್ಲರಿಗೂ ಕೇಳುವಂತೆ ‘ಹೋಗೇತಿ’ ಎನ್ನಬೇಕು. ಆಗಲೇ ಆಯಿಯ ಸೆರಗಿನ ಗಂಟು ಬಿಚ್ಚುವುದು. ಅವ್ವ ಹೇಳುತ್ತಾಳೆ ಎಂದು ನಾನು ಹಿಂದೆ, ಹೆಂಗಸರ ನಡುವೆ ನಿಂತಿದ್ದೆ.

“ಯಾರು ಜ್ವಾಪಾನ ಮಾಡಿದವರು? ಮುಂದ ಬರ್ರಿ,” ಎಂದ ಪೂಜಾರಿ.

“ನನ್ನ ಮೊಮ್ಮಗಳು,” ಎಂದಳು ಆಯಿ. “ಸಾಲಿ ಕಲಿತಾಕಿ. ದಿನಾ ಅಪ್ಪಂದು ಕಾಸಿ, ನೋಡಿ, ಬರದು ಇಟ್ಟಾಳ. ಮಲಕವ್ವಾ, ಬಾರವಾ.”

ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. ಅಷ್ಟು ಜನರ ಮುಂದೆ ನಾನು ಎಂದೂ ನಿಂತವಳಲ್ಲ. ಸಾಲಿಯಲ್ಲಿ ಪದ್ಯ ಹೇಳೆಂದರೂ ಅತ್ತವಳು. ಬೇವಿನ ನೆರಳು ಅಪ್ಪನ ಮುಖದ ಮೇಲೆ ಆಡುತ್ತಿತ್ತು. ಅವನ ಕಾಲಿನ ಹತ್ತಿರ ಹೋಗಿ ನಿಂತೆ. ಆ ಬೆರಳು ಕಪ್ಪಾಗತೊಡಗಿದ್ದು ಅಷ್ಟು ಹತ್ತಿರದಿಂದ ಆಗಲೇ ಕಂಡದ್ದು.

“ಬ್ಯಾನಿ ಹೋಗೇತೇನವಾ?”

ಅಪ್ಪ ನನ್ನನ್ನೇ ನೋಡುತ್ತಿದ್ದ. ಎರಡು ತಿಂಗಳಲ್ಲಿ ಮೊದಲ ಸಲ ಬೆನ್ನಲ್ಲ, ಮುಖ. ಅವನಿಗೆ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು. ಅನ್ನು, ಮಗಳೇ, ಹೋಗೇತಿ ಅನ್ನು, ನೀ ಟಿಕೋಟಾಕ್ಕೆ ಹೋಗು, ನಾ ಉಂಡು ಮಲಗುತ್ತೇನೆ. ಹೀಗೆ ಬೇಡುತ್ತಿದ್ದವು ಕಣ್ಣು. ಇಬ್ಬರಿಗೂ ಲಾಭದ ಮಾತು. ಒಂದೇ ಶಬ್ದ.

“ದನಿ ಎತ್ತಿ ಹೇಳ ಬೇ,” ಎಂದಳು ಹಿಂದಿನಿಂದ ಯಾರೋ. “ಮಾಸ್ತರಬಾಯಿ ಆಗಾಕಿ, ದನಿನ ಇಲ್ಲ.”

ನಾಲ್ಕಾರು ಜನ ನಕ್ಕರು. ನಾನು ಸರಪಳಿ ಹಿಡಿದುಕೊಂಡೆ. ತಕ್ಕಡಿ ಅಲುಗಾಡಿತು.

“ಹೋಗಿಲ್ಲರಿ,” ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿತು. “ಯುಗಾದಿ ಆದಮ್ಯಾಲ ಒಂದ ದಿನಾನೂ ನೀಲಿ ಬಂದಿಲ್ಲ. ನಿನ್ನಿ ಇಟ್ಟಂಗಿ ಬಣ್ಣಾ ಬಂದೈತಿ. ಟಿಕೋಟಾಕ ಹೋಗಬೇಕಂತ ನಾನ ನೀಲಿ ನೀಲಿ ಅಂತ ಬರದೇನಿ.”